ಕಾಲ್ನಡೆಯ ಊರು: ವೇಣುಗ್ರಾಮದಿಂದ ಖಾನಾಪುರದವರೆಗೆ

ಊರುಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕೋಟೆಗಳ ಇತಿಹಾಸವನ್ನೇ ಬರೆದಿದ್ದಾರೆ. ಯಾವ ಅರಸು ಯಾವ ವರುಷ ಮುತ್ತಿಗೆ ಹಾಕಿದನು, ಯಾರಿಂದ ಯಾರಿಗೆ ಊರು ಕೈಬದಲಾಯಿತು ಎಂಬುದು ನಮಗೆ ತಿಥಿವಾರ ಸಹಿತ ದೊರೆಯುತ್ತದೆ. ಆದರೆ ಆ ಊರಿನ ಹೆಣ್ಣುಮಗಳು ನೀರಿಗೆ ಎಷ್ಟು ದೂರ ನಡೆದಳು, ಮುದುಕನು ಸಂಜೆಯಲ್ಲಿ ಯಾವ ಮರದ ಕಟ್ಟೆಯ ಮೇಲೆ ಕುಳಿತನು, ಮಕ್ಕಳು ಎಲ್ಲಿ ಆಡಿದರು ಎಂಬುದನ್ನು ಕೇಳಿದರೆ ಗ್ರಂಥಗಳು ಮೌನ ತಾಳುತ್ತವೆ. ಇಂದು ನಗರರಚನಾ ಶಾಸ್ತ್ರಜ್ಞರು ಇದನ್ನೇ ಮುಖ್ಯ ಪ್ರಶ್ನೆಯಾಗಿ ಎತ್ತಿಕೊಂಡಿದ್ದಾರೆ. ಮನೆಯಿಂದ ಹೊರಟವನು ಐದು ಹತ್ತು ನಿಮಿಷದ ನಡಿಗೆಯೊಳಗೆ ಶಾಲೆ, ಪೇಟೆ, ನೆರಳು, ಬಯಲು ಇವುಗಳನ್ನು ಕಾಣುವಂತಿರಬೇಕು; ಅಂಥ ಓಣಿಯಲ್ಲಿಯೇ ಆರೋಗ್ಯ ನೆಲೆಸುತ್ತದೆ ಎಂಬುದು ಅವರ ಮತ. ಈ ದೃಷ್ಟಿಯಿಂದ ನಮ್ಮ ಬೆಳಗಾವಿಯನ್ನೂ ಅದರ ನೆರೆಯ ಖಾನಾಪುರವನ್ನೂ ನೋಡಿದರೆ ಏನು ಕಾಣುತ್ತದೆಂಬುದನ್ನು ಭಕ್ತಮಹಾಶಯರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ವೇಣುವೆಂದರೆ ಬಿದಿರು. ಸಮುದ್ರಮಟ್ಟದಿಂದ ಸುಮಾರು ೨,೫೦೦ ಅಡಿ ಎತ್ತರದಲ್ಲಿ, ಮಲೆನಾಡು ಮುಗಿದು ಬಯಲುನಾಡು ಆರಂಭವಾಗುವ ಅಂಚಿನಲ್ಲಿ ಈ ಊರು ನೆಲೆಗೊಂಡಿತು. ಸವದತ್ತಿಯ ರಟ್ಟರು ಇದನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬಿಚಣನು ಕಟ್ಟಿಸಿದ ಬಸದಿಗೆ ಸಂಬಂಧಿಸಿದ ೧೨೦೪ರ ಶಾಸನಗಳಿಂದ ಇಲ್ಲಿನ ಪೇಟೆಯ ಪರಿಚಯವಾಗುತ್ತದೆ. ಬೇರೆ ಬೇರೆ ನಾಡುಗಳ ವರ್ತಕ ಸಮುದಾಯಗಳು ಇಲ್ಲಿ ಕೂಡಿದ್ದವು. ತಮ್ಮ ಸರಕುಗಳ ಮೇಲಿನ ಆಯದಲ್ಲಿ ಒಂದು ಪಾಲನ್ನು ಅವು ಬಸದಿಗೆ ಬಿಟ್ಟುಕೊಟ್ಟವು. ತಲೆಹೊರೆಯ ಮೇಲೆ, ಎತ್ತಿನ ಬೆನ್ನಿನ ಮೇಲೆ ಬಂದ ಸರಕಿನ ಲೆಕ್ಕವದು. ಅಂದರೆ ಆ ಪೇಟೆಯ ಅಳತೆಗೋಲು ಮನುಷ್ಯನ ಹೆಜ್ಜೆಯೇ ಆಗಿತ್ತು.

ಕೋಟೆಯೊಳಗೆ ಇಂದಿಗೂ ಕಮಲಬಸದಿ, ಸಫಾ ಮಸೀದಿ, ದುರ್ಗೆಯ ಗುಡಿ, ರಾಮಕೃಷ್ಣ ಆಶ್ರಮ ಇವೆಲ್ಲವೂ ಒಂದರಿಂದ ಒಂದಕ್ಕೆ ಸುಲಭವಾಗಿ ನಡೆದು ಹೋಗುವಷ್ಟು ಸಮೀಪದಲ್ಲಿವೆ. ಸುತ್ತಲಿನ ಕಂದಕವೂ ಪಕ್ಕದ ಕೋಟೆಕೆರೆಯೂ ಶತ್ರುವನ್ನು ತಡೆಯಲು ಇದ್ದಂತೆಯೇ ಊರಿನ ಬಾವಿಗಳಿಗೆ ಒಸರು ನೀಡಲೂ ಒದಗಿದ್ದವು. ಶತ್ರುಗಳು ಹೋಗಿ ಬಹಳ ಕಾಲವಾಯಿತು. ಒಸರಿನ ಅಗತ್ಯ ಹೋಗಿಲ್ಲ.

ಕೋಟೆಯ ಪಶ್ಚಿಮಕ್ಕೆ ಹಳೆಯ ಊರು ಬೆಳೆಯಿತು. ಖಡೇಬಜಾರ, ಗಣಪತಿ ಗಲ್ಲಿ, ಭಡಕಲ್ ಗಲ್ಲಿ, ಮಾರುತಿ ಗಲ್ಲಿ, ರಿಸಾಲದಾರ ಗಲ್ಲಿ ಮೊದಲಾದ ಹೆಸರುಗಳನ್ನು ನಮ್ಮ ಓದುಗರೆಲ್ಲರೂ ಬಲ್ಲರು. ೧೮೯೨ರ ಅಕ್ಟೋಬರದಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಕೆಲವು ದಿನ ತಂಗಿದ್ದುದು ಈ ರಿಸಾಲದಾರ ಗಲ್ಲಿಯ ಭಾಟೆಯವರ ಮನೆಯಲ್ಲಿ. ಈ ಗಲ್ಲಿಗಳು ಇಕ್ಕಟ್ಟಾದುವು ಎಂದು ದೂರುವವರುಂಟು. ಇಕ್ಕಟ್ಟು ನಿಜ. ಆದರೆ ಮನೆಗೆ ಮನೆ ತಾಗಿ ನಿಂತಿದ್ದರಿಂದ ನಡುಮಧ್ಯಾಹ್ನದಲ್ಲಿಯೂ ಒಂದು ಪಕ್ಕಕ್ಕೆ ನೆರಳು ಬೀಳುತ್ತಿತ್ತು. ಚಾಚಿದ ಹಂಚಿನ ಸೂರು ಮುಂಗಾರಿನಲ್ಲಿ ಹಾದಿಹೋಕನ ತಲೆಯನ್ನು ಕಾಯುತ್ತಿತ್ತು. ಮನೆಯ ಮುಂದಿನ ಕಟ್ಟೆ ಮನೆಯವರದೂ ಹೌದು, ದಣಿದವನದೂ ಹೌದು. ಕೇಳ್ಕರ್ ಬಾಗ್ ಎಂಬಲ್ಲಿ ‘ಬಾಗ್’ ಎಂದರೆ ತೋಟ. ಇಂದು ತೋಟವು ಹೆಸರಿನಲ್ಲಿ ಮಾತ್ರ ಉಳಿದಿದೆ. ಮನೆಮನೆಗೆ ಕಂಥೆಭಿಕ್ಷೆಗೆ ಹೊರಟ ಜಂಗಮನಿಗೆ ಊರಿನ ಸುಖದುಃಖ ತಿಳಿಯುತ್ತಿದ್ದುದು ಈ ಕಟ್ಟೆಗಳಿಂದಲೇ ಎಂಬುದನ್ನು ಹಿರಿಯ ಭಕ್ತರು ನೆನೆಯಬಲ್ಲರು.

ಹೀಗೆಂದು ಹಳೆಯ ಊರನ್ನು ಸ್ವರ್ಗವೆಂದು ಚಿತ್ರಿಸುವುದು ಚರಿತ್ರೆಗೆ ಬಗೆಯುವ ಅಪಚಾರ. ಆ ಕಟ್ಟೆ ಎಲ್ಲರಿಗೂ ಕಟ್ಟೆಯಾಗಿರಲಿಲ್ಲ. ಆ ಬಾವಿ ಎಲ್ಲರಿಗೂ ಬಾವಿಯಾಗಿರಲಿಲ್ಲ. ಕೇರಿಯ ಜನರು ತಮ್ಮ ಕೊಡವನ್ನು ದೂರದಲ್ಲಿಟ್ಟು, ಮೇಲಿನವರು ಎರೆಯುವವರೆಗೆ ಕಾಯಬೇಕಾದ ಕಾಲವದು. ಹತ್ತಿರದಲ್ಲಿದ್ದರೂ ಮುಟ್ಟಲಾಗದ ನೀರು ಹತ್ತಿರದ ನೀರಲ್ಲ. ನಡಿಗೆಯ ಊರು ಎನ್ನುವಾಗ ಯಾರ ನಡಿಗೆ ಎಂಬ ಪ್ರಶ್ನೆಯನ್ನು ಬಿಡಲಾಗದು.

೧೮೧೮ರಲ್ಲಿ ಮನ್ರೋನ ಸೈನ್ಯ ಕೋಟೆಯನ್ನು ವಶಪಡಿಸಿಕೊಂಡ ಮೇಲೆ ಹಳೆಯ ಊರಿನ ಪಶ್ಚಿಮಕ್ಕೆ ದಂಡು ಬಂದು ನೆಲೆಸಿತು. ಅದೇ ಇಂದಿನ ಕ್ಯಾಂಪು. ಇಲ್ಲಿಂದ ಬೆಳಗಾವಿ ಎರಡು ಊರಾಯಿತು. ಭಾರತದಲ್ಲಿದ್ದ ಆಂಗ್ಲ ಸೈನಿಕರು ಯುದ್ಧಕ್ಕಿಂತ ಹೆಚ್ಚಾಗಿ ರೋಗದಿಂದ ಸಾಯುತ್ತಿದ್ದರು; ಇದನ್ನು ಕುರಿತು ನೇಮಿಸಲಾದ ರಾಜಕೀಯ ಆಯೋಗವು ೧೮೬೩ರಲ್ಲಿ ವರದಿಯನ್ನಿತ್ತಿತು. ಗಾಳಿ, ಬೆಳಕು, ಚರಂಡಿ, ಮರ, ಮನೆಮನೆಗಳ ನಡುವೆ ಅಂತರ ಇವೆಲ್ಲ ದಂಡಿನ ಪ್ರದೇಶಗಳಿಗೆ ನಿಯಮಗಳಾದುವು. ಆರೋಗ್ಯಕ್ಕಾಗಿಯೇ ಊರನ್ನು ರಚಿಸಬೇಕು ಎಂಬ ಆಧುನಿಕ ವಿಚಾರವು ನಮ್ಮ ನಾಡನ್ನು ಪ್ರವೇಶಿಸಿದುದು ಹೀಗೆ, ಸೈನಿಕನ ಹೆಸರಿನಲ್ಲಿ. ಬೇಲಿಯ ಈಚೆಗಿನ ಊರಿಗೆ ಆ ವಿಚಾರ ದಾಟಿ ಬರಲು ಒಂದು ಮಹಾಮಾರಿಯೇ ಬೇಕಾಯಿತು.

ಅದು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಮರುವರ್ಷವೇ ನಮ್ಮ ಕಡೆಗೂ ಹಬ್ಬಿತು. ಜನರು ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿದರು. ಇಕ್ಕಟ್ಟಿನ ಮನೆಯೊಳಗಿನ ಇಲಿಯೇ ಮೃತ್ಯುವೆಂದು ಗೊತ್ತಾದಾಗ ಆಳುವವರು ಎರಡು ಉಪಾಯ ಹೂಡಿದರು. ಒಂದು, ಹಳೆಯ ಓಣಿಗಳನ್ನು ಒಡೆದು ಅಗಲವಾದ ರಸ್ತೆ ತೆಗೆಯುವುದು. ಇನ್ನೊಂದು, ಊರಹೊರಗೆ ಹೊಸ ಬಡಾವಣೆ ಕಟ್ಟುವುದು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಎರಡನೆಯ ಉಪಾಯದ ಫಲಗಳು.

ಮೊದಲನೆಯ ಉಪಾಯದ ವಿರುದ್ಧ ನುಡಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸರು. ಮೂಲತಃ ಜೀವಶಾಸ್ತ್ರಜ್ಞರಾದ ಇವರು ೧೯೧೪ರಲ್ಲಿ ಭಾರತಕ್ಕೆ ಬಂದು, ಹಲವು ಊರುಗಳ ಓಣಿಗಳಲ್ಲಿ ಕಾಲ್ನಡೆಯಲ್ಲಿ ಸುತ್ತಿದರು. ನಮ್ಮ ಬಳ್ಳಾರಿಯೂ ಅವುಗಳಲ್ಲಿ ಒಂದು. ಅದು ಆಗ ಮದ್ರಾಸು ಪ್ರಾಂತದಲ್ಲಿತ್ತು. ನಕ್ಷೆಯ ಮೇಲೆ ಗೆರೆ ಎಳೆದು ನೂರಾರು ಮನೆ ಕೆಡವುವುದು ಚಿಕಿತ್ಸೆಯಲ್ಲ, ಅಂಗಚ್ಛೇದ ಎಂಬುದು ಅವರ ನಿಲುವು. ಬಿದ್ದುಹೋದ ಒಂದೆರಡು ಮನೆಯ ನಿವೇಶನವನ್ನು ತೆರವುಗೊಳಿಸಿ ಅಲ್ಲೊಂದು ಮರ, ಒಂದು ಕಟ್ಟೆ, ಮಕ್ಕಳಿಗೆ ಚಿಕ್ಕ ಅಂಗಳ ಮಾಡಿದರೆ ಓಣಿ ತಾನಾಗಿ ಉಸಿರಾಡುತ್ತದೆ. ಕೆರೆಗಳನ್ನು ಸೊಳ್ಳೆಯ ನೆವದಿಂದ ಹೂಳಬಾರದು, ಶುಚಿಯಾಗಿಡಬೇಕು ಎಂದು ಅವರು ಸಾರಿದರು. ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ೧೯೧೫ರಲ್ಲಿ ನಗರರಚನೆಯ ಕಾಯಿದೆಯಾಯಿತು; ಭಾರತದಲ್ಲಿ ಇಂಥ ಕಾಯಿದೆಗಳಲ್ಲಿ ಅದೇ ಮೊದಲನೆಯದು. ಕಾಯಿದೆ ಬಂತು, ಗೆಡ್ಡಿಸರ ದೃಷ್ಟಿ ಮಾತ್ರ ಅದರೊಡನೆ ಬರಲಿಲ್ಲವೆಂದೇ ಹೇಳಬೇಕು.

ಬೆಳಗಾವಿಯ ಹೊಸ ಬಡಾವಣೆಯ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಅಣ್ಣನೊಡನೆ ೧೮೮೮ರಲ್ಲಿ ಈ ಊರಿನಲ್ಲಿ ತೆರೆದುದು ಸೈಕಲ್ಲಿನ ಅಂಗಡಿ. ನಡೆಯುವವನ ಊರಿಗೆ ಚಕ್ರ ಬಂದುದು ಹೀಗೆ. ಮುಂದೆ ಅವರು ಕಬ್ಬಿಣದ ನೇಗಿಲನ್ನು ತಯಾರಿಸತೊಡಗಿದರು. ರೈಲು ಹಳಿಯ ದಕ್ಷಿಣಕ್ಕಿದ್ದ ಠಳಕವಾಡಿಯಲ್ಲಿ ಅವರ ಕಾರ್ಖಾನೆ ನೆಲೆಸಿದ್ದಾಗ, ಊರನ್ನು ವಿಸ್ತರಿಸಬೇಕೆಂಬ ಕಾರಣದಿಂದ ನಗರಸಭೆ ಆ ಜಾಗವನ್ನು ತೆರವುಗೊಳಿಸಲು ಹೇಳಿತು. ಔಂಧದ ಅರಸರು ನೆಲವನ್ನಿತ್ತರು. ೧೯೧೦ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಪಾಪಾಸುಕಳ್ಳಿಯ ಬರಡು ನೆಲದಲ್ಲಿ ಮರ ನೆಟ್ಟು, ಕೆಲಸಗಾರನು ಮನೆಯಿಂದ ಕಾರ್ಖಾನೆಗೆ ನಡೆದುಹೋಗುವಂತೆ ಕಟ್ಟಿದ ಊರು ಅದು. ಬೆಳಗಾವಿ ಬಡಾವಣೆಗಾಗಿ ಒಂದು ಉದ್ಯಮವನ್ನು ಕಳೆದುಕೊಂಡಿತು. ಆ ಉದ್ಯಮ ಬೇರೆಡೆಗೆ ಹೋಗಿ ಒಳ್ಳೆಯ ಬಡಾವಣೆಯನ್ನೇ ಕಟ್ಟಿತು! ಠಳಕವಾಡಿ ಮುಂದೆ ಲೋಕಮಾನ್ಯರ ಹೆಸರಿನಲ್ಲಿ ಟಿಳಕವಾಡಿಯಾಯಿತು.

ಈ ಟಿಳಕವಾಡಿಯ ಬಯಲಿನಲ್ಲಿಯೇ ೧೯೨೪ರ ಡಿಸೆಂಬರದಲ್ಲಿ ಬೆಳಗಾವಿಯ ಚರಿತ್ರೆಯಲ್ಲಿಯೇ ಅತ್ಯಂತ ವಿಚಿತ್ರವಾದ ನಗರವೊಂದು ಎದ್ದುನಿಂತಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದಲ್ಲಿ ಕಟ್ಟಲಾದ ಆ ಬಿಡಾರಕ್ಕೆ ವಿಜಯನಗರವೆಂದು ಹೆಸರಿಟ್ಟರು. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಮೊದಲು ಹಾಡಿದುದು ಅಲ್ಲಿಯೇ. ಕರ್ನಾಟಕ ಏಕೀಕರಣದ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕೂಡಿದುದೂ ಅಲ್ಲಿಯೇ. ಈ ಸಂಗತಿಗಳನ್ನು ಪ್ರತಿ ವರ್ಷವೂ ಸ್ಮರಿಸುತ್ತೇವೆ. ೨೦೨೪ರಲ್ಲಿ ಶತಮಾನೋತ್ಸವವೂ ಆಯಿತು. ನಗರರಚನೆಯ ದೃಷ್ಟಿಯಿಂದ ಆ ಬಿಡಾರವನ್ನು ನೋಡಿದವರು ಮಾತ್ರ ಕಡಮೆ.

ಸಾವಿರಾರು ಜನರು ಕೆಲವು ದಿನ ಬದುಕಬೇಕಾದ ಊರದು. ಬಂದಿಳಿಯಲು ತಾತ್ಕಾಲಿಕ ರೈಲು ನಿಲ್ದಾಣ. ಅಲ್ಲಿಂದ ಬಿಡಾರಕ್ಕೆ, ಬಿಡಾರದಿಂದ ಮಂಟಪಕ್ಕೆ, ಮಂಟಪದಿಂದ ಭೋಜನಶಾಲೆಗೆ ಎಲ್ಲವೂ ಕಾಲ್ನಡೆಯ ದೂರ. ಡಾಕ್ಟರ ಹರ್ಡೀಕರರ ಸ್ವಯಂಸೇವಕರು ವ್ಯವಸ್ಥೆಯನ್ನು ಹೊತ್ತರು. ಬೆಳಗಾವಿಯ ಸೀಮೆಯವರೇ ಆದ ಕಾಕಾ ಕಾಲೇಲ್ಕರರು ಶೌಚದ ಕೆಲಸಕ್ಕೆ ನಿಂತರು; ಮೇಲ್ಜಾತಿಯ ತರುಣರು ಆ ಕೆಲಸವನ್ನು ಕೈಯಾರೆ ಮಾಡಿದರು. ಅಧ್ಯಕ್ಷ ಭಾಷಣದಲ್ಲಿ ಅಸ್ಪೃಶ್ಯತಾ ನಿವಾರಣೆಯ ಮಾತು ಬಂದುದಷ್ಟೇ ಅಲ್ಲ, ಆ ಊರಿನ ರಚನೆಯಲ್ಲಿಯೇ ಅದು ಕೆಲಸ ಮಾಡುತ್ತಿತ್ತು. ನೀರಿಗಾಗಿ ಅಗಲವಾದ ಬಾವಿಯೊಂದನ್ನು ತೋಡಿಸಿ ಪಂಪಾಸರೋವರವೆಂದು ಕರೆದರು. ತಗುಲಿದ ವೆಚ್ಚ ೪,೩೭೦ ರೂಪಾಯಿ ೩ ಆಣೆ. ಆಣೆಯವರೆಗೆ ಲೆಕ್ಕವಿಟ್ಟ ಸಾರ್ವಜನಿಕ ಕಾಮಗಾರಿ ಎಂಬುದನ್ನು ಇಂದಿನ ಗುತ್ತಿಗೆದಾರ ಬಂಧುಗಳು ಗಮನಿಸಬಹುದು.

ವಿಜಯನಗರ ಕೆಲವೇ ದಿನಗಳಲ್ಲಿ ಕರಗಿತು. ಖಾದಿಯ ಗುಡಾರ, ಬಿದಿರಿನ ಮಹಾದ್ವಾರ ಎಲ್ಲ ಹೋದುವು. ಉಳಿದುದು ಬಾವಿ. ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಅದು ಟಿಳಕವಾಡಿಗೆ ನೀರುಣಿಸಿತು. ಮಾರ್ಕಂಡೇಯ ನದಿಗೆ ಕಟ್ಟಿದ ರಾಕಸಕೊಪ್ಪದ ನೀರು ನಲ್ಲಿಯಲ್ಲಿ ಬಂದ ಮೇಲೆ ನಗರದ ಬಾವಿಗಳೆಲ್ಲ ಕಸದ ಕುಳಿಗಳಾದುವು. ೧೯೯೦ರ ದಶಕದಲ್ಲಿ ನಲ್ಲಿ ಒಣಗಿದಾಗ ಕಣ್ಣು ತೆರೆಯಿತು. ಭೂಗರ್ಭಶಾಸ್ತ್ರ ಬಲ್ಲವರ ನೆರವಿನಿಂದ ನಗರಪಾಲಿಕೆಯು ಹಳೆಯ ಬಾವಿಗಳ ಹೂಳೆತ್ತಿಸಿ ಮತ್ತೆ ಬಳಕೆಗೆ ತಂದಿತು. ಕಾಂಗ್ರೆಸ್ ಬಾವಿ ಆ ಬಾವಿಗಳಲ್ಲಿ ಪ್ರಮುಖವಾದುದು. ಇಂದು ಅದರ ಸುತ್ತ ವೀರಸೌಧವೂ ಉದ್ಯಾನವೂ ಇವೆ.

ಅದೇ ಟಿಳಕವಾಡಿಯಲ್ಲಿ ಇನ್ನೊಂದು ವಿಶಾಲವಾದ ನೆಲವಿದೆ. ಜನರು ಅದನ್ನು ವ್ಯಾಕ್ಸೀನ್ ಡಿಪೋ ಎನ್ನುತ್ತಾರೆ. ಬೆಳಗಿನಲ್ಲಿ ಅಲ್ಲಿ ನಡೆದಾಡುವ ನೂರಾರು ಜನರಲ್ಲಿ ಆ ಹೆಸರಿನ ಅರ್ಥವನ್ನು ಬಲ್ಲವರು ಎಷ್ಟು ಮಂದಿಯೋ! ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸ್ಥಾಪಿತವಾದ ಇಲ್ಲಿನ ಸಂಸ್ಥೆಯು ಸಿಡುಬಿನ ಲಸಿಕೆಯನ್ನು ತಯಾರಿಸುತ್ತಿತ್ತು. ನಮ್ಮ ಹಿರಿಯರು ‘ದೇವಿ ಹಾಕಿಸುವುದು’ ಎನ್ನುತ್ತಿದ್ದರಲ್ಲ, ಅದೇ ಲಸಿಕೆ. ಕರುಗಳ ಚರ್ಮದ ಮೇಲೆ ಲಸಿಕಾದ್ರವವನ್ನು ಬೆಳೆಸಿ ತೆಗೆಯುವ ಕೆಲಸವದು. ಅದಕ್ಕೆ ಕೊಟ್ಟಿಗೆ ಬೇಕು, ಮೇವು ಬೇಕು, ಜನವಸತಿಯಿಂದ ಅಂತರ ಬೇಕು, ಶುದ್ಧವಾದ ಗಾಳಿ ಬೇಕು. ಸ್ವತಂತ್ರ ಭಾರತವು ಸಿಡುಬಿನ ನಿರ್ಮೂಲನವನ್ನು ಕೈಗೊಂಡಾಗ ದೇಶದಲ್ಲಿ ಒಣಲಸಿಕೆಯನ್ನು ತಯಾರಿಸಿದ ಕೇಂದ್ರಗಳು ನಾಲ್ಕೇ: ಪಟವಾಡಂಗರ, ಹೈದರಾಬಾದು, ಮದ್ರಾಸಿನ ಗಿಂಡಿ ಮತ್ತು ನಮ್ಮ ಬೆಳಗಾವಿ. ಭಾರತದ ಕೊನೆಯ ಸಿಡುಬು ಪ್ರಕರಣ ೧೯೭೫ರಲ್ಲಿ. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತೇ ಸಿಡುಬಿನಿಂದ ಮುಕ್ತವೆಂದು ಘೋಷಿಸಿತು. ಮನುಷ್ಯ ಕುಲವು ಬೇರುಸಹಿತ ಕಿತ್ತೊಗೆದ ಮೊದಲ ರೋಗದ ಸಮರದಲ್ಲಿ ಟಿಳಕವಾಡಿಯ ಈ ಹುಲ್ಲುಗಾವಲಿಗೂ ಪಾಲಿದೆ.

ರೋಗ ಹೋಯಿತು. ಅದರೊಡನೆ ಆ ನೆಲದ ಮೂಲ ಪ್ರಯೋಜನವೂ ಹೋಯಿತು. ಅಷ್ಟರಲ್ಲಿ ಮರಗಳು ಬೆಳೆದು ನಿಂತಿದ್ದವು. ಸುತ್ತಲಿನ ಓಣಿಗಳ ಜನರು ಅದನ್ನು ತಮ್ಮ ನಡಿಗೆಯ ತಾಣವನ್ನಾಗಿ ಮಾಡಿಕೊಂಡಿದ್ದರು. ಲಸಿಕೆಯಿಂದ ಆರೋಗ್ಯ ಕೊಟ್ಟ ನೆಲ ಈಗ ನೆರಳಿನಿಂದ ಕೊಡುತ್ತಿತ್ತು. ವಾರಕ್ಕೆ ೧೫೦ ನಿಮಿಷದ ಸಾಧಾರಣ ವ್ಯಾಯಾಮ ಪ್ರತಿ ವಯಸ್ಕನಿಗೂ ಅಗತ್ಯವೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಸಕ್ಕರೆ ರೋಗ, ರಕ್ತದೊತ್ತಡಗಳ ಈ ಕಾಲದಲ್ಲಿ ಇಂಥ ಬಯಲು ಒಂದು ಆಸ್ಪತ್ರೆಗೆ ಸಮಾನ. ಆದರೆ ಕಚೇರಿಯ ಕಡತದಲ್ಲಿ ಅದು ‘ಖಾಲಿ ಜಾಗ’. ೨೦೧೬ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತು ಹೆಸರುಗಳಲ್ಲಿ ಬೆಳಗಾವಿಯೂ ಇತ್ತು. ಆ ಯೋಜನೆಯಡಿ ಈ ಬಯಲಿನಲ್ಲಿಯೂ ಕಾಮಗಾರಿಗಳು ಹೊರಟಾಗ, ಮರಗಳಿಗೆ ಕೊಡಲಿ ಬೀಳುವುದೆಂದು ನಾಗರಿಕರು ವಿರೋಧಿಸಿದರು. ವ್ಯಾಜ್ಯವು ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. ಉದ್ಯಾನವನ್ನು ಮಾಡುವುದಕ್ಕಾಗಿ ಮರವನ್ನು ಕಡಿಯುವ ಜಾಣತನವನ್ನು ನಾವು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ. ಕಾಲುದಾರಿಗೆ ಹಾಸುಗಲ್ಲು ಬೇಕು, ನಿಜ. ಮರದ ಬುಡಕ್ಕೆ ಬೇಡ.

ಗಮನಿಸಿದರೆ ಬೆಳಗಾವಿಯಲ್ಲಿ ಉಳಿದಿರುವ ತೆರೆದ ತಾಣಗಳಲ್ಲಿ ಹಿರಿಯವು ಯಾವುವೂ ಉದ್ಯಾನವೆಂದು ಹುಟ್ಟಿದವಲ್ಲ. ಕೋಟೆಕೆರೆ ರಕ್ಷಣೆಗಾಗಿ, ಕ್ಯಾಂಪಿನ ಸಾಲುಮರಗಳು ಸೈನಿಕನಿಗಾಗಿ, ಪಂಪಾಸರೋವರ ಅಧಿವೇಶನಕ್ಕಾಗಿ, ವ್ಯಾಕ್ಸೀನ್ ಡಿಪೋ ಕರುಗಳಿಗಾಗಿ. ಮೊದಲಿನ ಕಾರಣ ತೀರಿದ ಮೇಲೆ ಜನರ ಕಾಲುಗಳೇ ಅವುಗಳನ್ನು ಉಳಿಸಿದುವು. ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು ಬಿಟ್ಟ ತುಂಡುಗಳಾದರೋ ಬಹುಮಟ್ಟಿಗೆ ನಾಲೆಯ ಅಂಚಿನವು, ಯಾರಿಗೂ ಬೇಡವಾದ ಮೂಲೆಯವು. ಅಮೆರಿಕದ ಕ್ಲಾರೆನ್ಸ್ ಪೆರಿ ಎಂಬವರು ೧೯೨೯ರಲ್ಲಿ ನೆರೆಹೊರೆಯ ರಚನೆಯನ್ನು ವಿವರಿಸಿದಾಗ ಶಾಲೆಯನ್ನು ನಡುವೆ ಇಟ್ಟರು, ಹತ್ತನೆಯ ಒಂದು ಪಾಲನ್ನು ಬಯಲಿಗೆ ಬಿಟ್ಟರು, ಹೆದ್ದಾರಿಯನ್ನು ಹೊರಗಿನ ಅಂಚಿಗೆ ತಳ್ಳಿದರು. ನಾವು ಹೆದ್ದಾರಿಯನ್ನು ನಡುವೆ ತಂದು ಬಯಲನ್ನು ಅಂಚಿಗೆ ತಳ್ಳಿದ್ದೇವೆ. ೧೯೦೧ರಲ್ಲಿ ಸುಮಾರು ೩೭ ಸಾವಿರ ಜನರಿದ್ದ ಊರು ೨೦೧೧ರ ಜನಗಣತಿಗೆ ೪ ಲಕ್ಷ ೮೮ ಸಾವಿರ ದಾಟಿತ್ತು. ಕೆ.ಎಲ್.ಇ. ಸಂಸ್ಥೆ ೧೯೧೬ರಲ್ಲಿ ಹುಟ್ಟಿದಾಗ, ೧೯೩೩ರಲ್ಲಿ ಲಿಂಗರಾಜ ಕಾಲೇಜು ತೆರೆದಾಗ, ಪ್ರಸಾದನಿಲಯಗಳ ವಿದ್ಯಾರ್ಥಿಗಳು ಪುಸ್ತಕವನ್ನು ಬಗಲಲ್ಲಿಟ್ಟು ನಡೆದೇ ಹೋಗುತ್ತಿದ್ದರು. ಇಂದು ಅದೇ ದಾರಿಗಳಲ್ಲಿ ಮಗುವನ್ನು ಒಬ್ಬಂಟಿಯಾಗಿ ಕಳುಹಿಸಲು ತಾಯಿ ಅಂಜುತ್ತಾಳೆ. ಗಣೇಶನ ವಿಸರ್ಜನೆಯ ಒಂದು ರಾತ್ರಿ ಮಾತ್ರ ವಾಹನಗಳು ಸರಿದು, ಕಪಿಲೇಶ್ವರದ ಹೊಂಡದವರೆಗೆ ಬೀದಿಯೆಲ್ಲ ಮತ್ತೆ ಮನುಷ್ಯನದಾಗುತ್ತದೆ.

ಇನ್ನು ಖಾನಾಪುರ. ಬೆಳಗಾವಿಯಿಂದ ಹದಿನಾರು ಹದಿನೇಳು ಮೈಲಿ ದೂರ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಊರಿನ ಮಗ್ಗುಲಲ್ಲಿ ಹರಿಯುತ್ತಾಳೆ. ತಾಲೂಕಿನೊಳಗೆ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಹಲಸಿ ಇದೆ; ೨೦೧೧ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯವಿದೆ; ರೈಲು ಬರುವ ಮುನ್ನ ಗೋವೆಯ ವ್ಯಾಪಾರದಿಂದ ಮೆರೆದ ನಂದಗಡದ ಪೇಟೆ ಇದೆ. ಆ ನಂದಗಡದಲ್ಲಿಯೇ ೧೮೩೧ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದಮರವನ್ನು ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪನು ನೆಟ್ಟನೆಂದು ಜನರು ಹೇಳುತ್ತಾರೆ. ಅಲ್ಲಿ ನೆರಳೇ ಸ್ಮಾರಕ; ಬಂದವರು ಅದರ ಕೆಳಗೆ ಕುಳಿತು, ಬುತ್ತಿ ಬಿಚ್ಚಿ, ತಮ್ಮ ಮನೆಯ ಮಾತಾಡಿ ಏಳುತ್ತಾರೆ. ತೆರೆದ ತಾಣವೊಂದು ಊರಿನ ನೆನಪನ್ನೂ ಊರಿನ ವಿಶ್ರಾಂತಿಯನ್ನೂ ಒಟ್ಟಿಗೆ ಹೊರಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ನಮ್ಮ ಜಿಲ್ಲೆಯಲ್ಲಿ ಕಾಣೆವು.

ಖಾನಾಪುರದ ಮಣ್ಣು ಒಳ್ಳೆಯದು. ಹಂಚು, ಮಡಕೆಗಳಿಗೆ ಹೆಸರಾದುದರಿಂದಲೇ ಖಾದಿ ಗ್ರಾಮೋದ್ಯೋಗದವರು ೧೯೫೪ರಲ್ಲಿ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯನ್ನು ಇಲ್ಲಿ ತೆರೆದರು. ಕೆಂಪು ಹಂಚಿನ ಇಳಿಜಾರು ಮಾಡು, ಕೆಳಗೆ ಕಟ್ಟೆ: ಮಳೆನಾಡಿನ ನಡಿಗೆಗೆ ಇದಕ್ಕಿಂತ ಒಪ್ಪುವ ಮನೆಯಿಲ್ಲ. ೨೦೧೧ರ ಗಣತಿಯಲ್ಲಿ ಊರಿನ ಜನಸಂಖ್ಯೆ ಇಪ್ಪತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ನಿಲ್ದಾಣ, ಪೇಟೆ, ಶಾಲೆ, ಹೊಳೆ ಎಲ್ಲವೂ ಇನ್ನೂ ಕಾಲಿನ ಅಳತೆಯೊಳಗಿವೆ. ಬೆಳಗಾವಿ ನೂರು ವರುಷಗಳಲ್ಲಿ ಕಳೆದುಕೊಂಡು ಈಗ ಕೋಟಿಗಳನ್ನು ಸುರಿದು ಹುಡುಕುತ್ತಿರುವುದನ್ನು ಖಾನಾಪುರ ಇನ್ನೂ ಕಳೆದುಕೊಂಡಿಲ್ಲ. ಆದರೆ ಗೋವೆಯ ಹೆ‍ದ್ದಾರಿಯ ಅಗಲೀಕರಣಕ್ಕೆ ದಾರಿಯ ಇಕ್ಕೆಲದ ಹಿರಿಯ ಮರಗಳು ಬಿದ್ದುವು, ಬೆಳಗಾವಿ ಹತ್ತಿರವಾಯಿತು, ಹತ್ತಿರವಾದೊಡನೆ ಹೊಲಗಳು ನಿವೇಶನಗಳಾಗತೊಡಗುವುದು ಎಲ್ಲ ಊರಿನ ಅನುಭವ. ಈ ಘಟ್ಟದಲ್ಲಿ ಮಾಡಿದುದೇ ಮುಂದಿನ ನೂರು ವರ್ಷದ ಓಣಿಯಾಗುತ್ತದೆ. ಹೊಳೆಯ ದಂಡೆಯನ್ನು ಮಾರದೆ ನಡಿಗೆಗೆ ಬಿಟ್ಟರೆ ಸಾಕು, ಬೇರೆ ಉದ್ಯಾನವೇ ಬೇಡ. ಪ್ರತಿ ಹೊಸ ಓಣಿಯ ನಡುವೆ ಒಂದು ಆಲವೋ ಅರಳಿಯೋ, ಅದಕ್ಕೊಂದು ಕಟ್ಟೆ. ಕಟ್ಟೆಗೆ ಜಾತಿಯ ಬೇಲಿಯೂ ಇಲ್ಲ, ಚೀಟಿಯ ಬಾಗಿಲೂ ಇಲ್ಲ.

ಕಾನೂನಿನ ಬಲವಿಲ್ಲವೆನ್ನುವಂತಿಲ್ಲ. ಮರಗಳ ಸಂರಕ್ಷಣೆಗೆ ೧೯೭೬ರ ಕಾಯಿದೆಯಿದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕವು ೧೯೮೫ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿದೆ. ಅಂಥ ಜಾಗಗಳ ಪಟ್ಟಿಯನ್ನು ಸಿದ್ಧಪಡಿಸಬೇಕೆಂಬುದು ಅದರ ಮೊದಲ ಹೆಜ್ಜೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಾದ ನೆಲವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟುದನ್ನು ಓಣಿಯ ನಿವಾಸಿಗಳೇ ಪ್ರಶ್ನಿಸಿದಾಗ, ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನೆಲ ಉದ್ಯಾನವಾಗಿಯೇ ಇರತಕ್ಕದ್ದೆಂದು ತೀರ್ಪಿತ್ತಿತು. ಆಸ್ಪತ್ರೆಯೂ ಲೋಕೋಪಕಾರವೇ ಅಲ್ಲವೆ ಎಂಬ ವಾದವನ್ನು ಅದು ಒಪ್ಪಲಿಲ್ಲ.

ನಮ್ಮ ನಿಲಯದಲ್ಲಿ ಓದಿದವರಲ್ಲಿ ಇಂಜಿನಿಯರರಿದ್ದಾರೆ, ವಕೀಲರಿದ್ದಾರೆ, ಭೂಮಾಪನ ಇಲಾಖೆಯಲ್ಲಿ ಇದ್ದವರಿದ್ದಾರೆ, ಪಾಲಿಕೆ ಪಂಚಾಯತಿಗಳ ಸದಸ್ಯರೂ ಇದ್ದಾರೆ. ತಮ್ಮ ತಮ್ಮ ಓಣಿಯಲ್ಲಿ ಇರುವ ಬಾವಿ, ಹೊಂಡ, ಕಟ್ಟೆಮರ, ಬಯಲುಗಳನ್ನು ನಡೆದು ನೋಡಿ, ಸರ್ವೆ ನಂಬರು ಸಹಿತ ಒಂದು ಹಾಳೆಯ ಮೇಲೆ ಬರೆದು, ಮನೆಯಿಂದ ಅಲ್ಲಿಗೆ ಎಷ್ಟು ನಿಮಿಷದ ಹಾದಿ ಎಂಬುದನ್ನೂ ಕಾಣಿಸಿದರೆ, ಬೆಳಗಾವಿಗೂ ಖಾನಾಪುರಕ್ಕೂ ಇಂದಿಲ್ಲದ ಒಂದು ನಕ್ಷೆ ದೊರೆತಂತಾಗುತ್ತದೆ. ಖಾನಾಪುರದವರು ಹೊಳೆಯ ದಂಡೆಯಿಂದ ಆರಂಭಿಸಬಹುದು. ಮುಂಗಾರು ಇಳಿದ ಮೇಲೆ ಅಲ್ಲಿ ಕಾಲಿಡಲು ದಾರಿಯಿರುತ್ತದೆ.